ಹೊಲದಲ್ಲಿ ಸಿಕ್ಕ ಹಳೇ ಪ್ಯೂಟರ್ ಚಮಚ: ವಯಸ್ಸು ಕಂಡುಹಿಡಿಯುವುದು ಹೇಗೆ?

ನನಗೆ ಸಿಕ್ಕ ಮೊದಲ ಪ್ಯೂಟರ್ (ತವರದ ಮಿಶ್ರಲೋಹ) ಚಮಚವನ್ನು ನಾನೇ ಕೈಯಾರೆ ಹಾಳು ಮಾಡಿದೆ. ಇಂಗ್ಲೆಂಡಿನ ಸಫಕ್‌ನಲ್ಲಿ ಗೋಧಿ ಕೊಯ್ದು ಉತ್ತಿದ್ದ ಹೊಲ. ಮೆಟಲ್ ಡಿಟೆಕ್ಟರ್ ಕೂಗಿತು, ಒಂದು ಗೇಣು ಅಗೆದೆ, ಮಣ್ಣು ಮೆತ್ತಿದ ಬೂದು ಬಣ್ಣದ ಸೊಟ್ಟ ಚಮಚ ಬಂತು. ಮನೆಗೆ ತಂದವನಿಗೆ ಗೌರಿ ಹಬ್ಬಕ್ಕೆ ಅಮ್ಮ ಹಿತ್ತಾಳೆ ದೀಪ ತಿಕ್ಕುತ್ತಿದ್ದುದು ನೆನಪಾಯಿತು. ಹುಣಸೆಹಣ್ಣು ನೆನೆಸಿದೆ, ಉಪ್ಪು ಹಾಕಿದೆ, ಚೆನ್ನಾಗಿ ತಿಕ್ಕಿದೆ. ಚಮಚದ ಬಟ್ಟಲಿನ (ಊಟ ಎತ್ತುವ ತಗ್ಗು ಭಾಗ) ಒಳಗೆ, ಹಿಡಿಯ ಬುಡದಲ್ಲಿ, ಮಾಡಿದವರು ಒತ್ತಿದ ಒಂದು ಚಿಕ್ಕ ದುಂಡು ಮುದ್ರೆ ಇತ್ತು. ಹೊಲದಲ್ಲಿ ಕಣ್ಣಾರೆ ನೋಡಿದ್ದೆ. ತಿಕ್ಕಿದ ಮೇಲೆ ಅದು ಇರಲಿಲ್ಲ. ಆ ಮುದ್ರೆ ಉಳಿದಿದ್ದೇ ಮೇಲಿನ ಕಂದು ಪದರದಲ್ಲಿ, ಪದರವೇ ಹೋದ ಮೇಲೆ ಇನ್ನೇನು ಉಳಿಯುತ್ತದೆ? ಫೋನಿನಲ್ಲಿ ಹೇಳಿದರೆ ಅಮ್ಮ "ಹೋಗಲಿ ಬಿಡೋ, ಈಗ ಫಳಫಳ ಅಂತಿದೆಯಲ್ವಾ" ಅಂದರು.

ಫಳಫಳ ಅಂತೂ ಅಂತಿತ್ತು.

ಅದಕ್ಕೇ ಈ ಲೇಖನ. ಇಂಗ್ಲೆಂಡಿನಲ್ಲಿ ಈ ಹವ್ಯಾಸಕ್ಕೆ ಇಳಿದಿರುವ, ಇಳಿಯಬೇಕು ಅಂದುಕೊಂಡಿರುವ ಕನ್ನಡದವರಿಗೆ ಕೆಲಸಕ್ಕೆ ಬರಲಿ ಅಂತ. ಊರಲ್ಲಿ ಕೂತು ಸುಮ್ನೆ ಕುತೂಹಲಕ್ಕೆ ಓದುವವರಿಗೂ ಸ್ವಾಗತ.

ಹೊಲಕ್ಕೆ ಚಮಚ ಹೇಗೆ ಬಂತು ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ಯಾರೋ ಊಟ ಮಾಡುವಾಗ ಬೀಳಿಸಿಕೊಂಡಿದ್ದು ಕೆಲವು ಇರಬಹುದು. ಆದರೆ ಜಾಸ್ತಿ ಬಂದಿದ್ದು ಗೊಬ್ಬರದ ಜೊತೆ. ಮನೆ ಕಸ, ಒಲೆಯ ಬೂದಿ, ಕೊಟ್ಟಿಗೆಯ ಸಗಣಿ, ಪಟ್ಟಣದ ಕಕ್ಕಸು ಗುಂಡಿಯ ಮಲ, ಎಲ್ಲ ಒಟ್ಟಿಗೆ ಗಾಡಿಯಲ್ಲಿ ಬಂದು ಹೊಲ ಸೇರುತ್ತಿತ್ತು. ನಮ್ಮ ತಿಪ್ಪೆಯ ಕಥೆಯೇ. ತಿಪ್ಪೆಗೆ ಬಿದ್ದ ಚಮಚ ನೇರ ಗದ್ದೆಗೆ. ಹಾಗಾಗಿ ಚಮಚದ ಸುತ್ತ ಮಡಕೆ ಚೂರು, ಜೇಡಿಮಣ್ಣಿನ ಬಿಳಿ ಚಿಲುಮೆಯ ತುಂಡುಗಳು ಕಂಡರೆ ಆಶ್ಚರ್ಯ ಬೇಡ. ಮತ್ತೆ, ಎಷ್ಟು ಆಳದಲ್ಲಿ ಸಿಕ್ಕಿತು ಅನ್ನುವುದರಿಂದ ವಯಸ್ಸು ಗೊತ್ತಾಗುವುದಿಲ್ಲ. ನೂರಾರು ವರ್ಷ ನೇಗಿಲು, ಟ್ರ್ಯಾಕ್ಟರ್ ಎಲ್ಲ ಸೇರಿ ಆ ಮಣ್ಣನ್ನು ಕಲಸಿ ಹಾಕಿವೆ.

ಮೊದಲು ಅನುಮತಿ

ಬೇಗ ಮುಗಿಸುತ್ತೇನೆ, ಆದರೆ ಬಿಡುವ ಹಾಗಿಲ್ಲ. ಹೊಲದ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡಬೇಡಿ, ಸಾಧ್ಯವಾದರೆ ಬರಹದಲ್ಲಿ ತೆಗೆದುಕೊಳ್ಳಿ. ಸಂರಕ್ಷಿತ ಸ್ಮಾರಕ ಅಂತ ಪಟ್ಟಿಯಲ್ಲಿರುವ ಜಾಗಗಳಲ್ಲಿ ಸರ್ಕಾರದ ಅನುಮತಿ ಇಲ್ಲದೆ ಡಿಟೆಕ್ಟರ್ ಆಡಿಸುವುದೇ ಅಪರಾಧ, 1979ರ ಕಾನೂನು. ಥೇಮ್ಸ್ ನದಿ ದಂಡೆಯ ಕೆಸರಿನಲ್ಲಿ ಹುಡುಕಲು ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರ್ಮಿಟ್ ಬೇಕು. ಸ್ಕಾಟ್ಲೆಂಡಿನ ನಿಯಮವೇ ಬೇರೆ, ಅಲ್ಲಿ ಸಿಕ್ಕ ಹಳೆಯ ವಸ್ತುವನ್ನೆಲ್ಲ ವರದಿ ಮಾಡಬೇಕು.

ಇಂಗ್ಲೆಂಡ್, ವೇಲ್ಸ್‌ನಲ್ಲಿ 1996ರ ಟ್ರೆಷರ್ ಆಕ್ಟ್, ಅಂದರೆ ನಿಧಿ ಕಾನೂನು, ಇದೆ. ಸಾಧಾರಣ ಪ್ಯೂಟರ್ ಚಮಚ ಅದರ ಅಡಿ ಬರುವುದಿಲ್ಲ. ಆದರೆ ಪ್ಯೂಟರ್ ಅಂದುಕೊಂಡಿದ್ದು ಬೆಳ್ಳಿಯಾಗಿ, 300 ವರ್ಷಕ್ಕಿಂತ ಹಳೆಯದಾಗಿದ್ದರೆ ಅದು ನಿಧಿ. ಗೊತ್ತಾದ 14 ದಿನದೊಳಗೆ ತಿಳಿಸಬೇಕು. ಲೋಹ ಯಾವುದು ಅಂತ ಮೊದಲೇ ಖಚಿತ ಮಾಡಿಕೊಳ್ಳಬೇಕಾದ್ದು ಇದಕ್ಕೇ.

ಮಣ್ಣಿನಿಂದ ಮೇಜಿಗೆ

ಪ್ಯೂಟರ್ ಅಂದರೆ ಮುಖ್ಯವಾಗಿ ತವರ, ಜೊತೆಗೆ ಸ್ವಲ್ಪ ತಾಮ್ರ ಅಥವಾ ಸೀಸ. ಮೆತ್ತಗಿನ ಲೋಹ. ಮಣ್ಣಲ್ಲಿ ಕೂತು ಕೂತು ಇನ್ನೂ ಪುಡಿಪುಡಿ ಆಗಿರುತ್ತದೆ. ಸಲಿಕೆಯಿಂದ ಎತ್ತುವಾಗ ಸುತ್ತಲಿನ ಹೆಂಟೆಯ ಸಮೇತ ಎತ್ತಿ. ಬಗ್ಗಿದ್ದರೆ ಬಗ್ಗಿಯೇ ಇರಲಿ. ನೆಟ್ಟಗೆ ಮಾಡಲು ಹೋದ ನನ್ನ ಗೆಳೆಯನೊಬ್ಬನ ಹತ್ತಿರ ಈಗ ಒಂದು ಚಮಚ ಇದ್ದ ಕಡೆ ಎರಡು ತುಂಡು ಇವೆ.

ಮನೆಗೆ ತಂದು ಬಟ್ಟಿ ಇಳಿಸಿದ ನೀರು, ಅದಿಲ್ಲದಿದ್ದರೆ ಮಳೆನೀರು ತೆಗೆದುಕೊಳ್ಳಿ. ಮೆತ್ತನೆಯ ಬ್ರಷ್, ಒಂದು ಬಿದಿರು ಕಡ್ಡಿ. ಮಣ್ಣು ಹೋಗುವಷ್ಟೇ ಸಾಕು, ಕಂದು ಅಥವಾ ಕಪ್ಪು ಚರ್ಮ, ಅಂದರೆ ಲೋಹದ ಮೇಲಿನ ಪದರ, ಹಾಗೇ ಇರಬೇಕು. ಹುಣಸೆ, ನಿಂಬೆ, ವಿನೆಗರ್, ಪೀತಾಂಬರಿ ಪುಡಿ, ಪಾತ್ರೆ ಉಜ್ಜುವ ಸ್ಟೀಲ್ ನಾರು, ಯಾವುದೂ ಹತ್ತಿರ ಬರಬಾರದು. ಒಣಗಿಸಲು ಓವನ್ ಬೇಡ. ಸೀಸ ಜಾಸ್ತಿ ಇರುವ ಪ್ಯೂಟರ್ ಸುಮಾರು 183 ಡಿಗ್ರಿಗೇ ಕರಗಲು ಶುರುವಾಗುತ್ತದೆ, ಶುದ್ಧ ತವರ 232 ಡಿಗ್ರಿಗೆ. ತಮಿಳರ ಮನೆಯಲ್ಲಿ ರಸಂ ಮಾಡುವ ಈಯದ ಚೊಂಬನ್ನು ನೀರಿಲ್ಲದೆ ಒಲೆ ಮೇಲಿಟ್ಟು ಕರಗಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಸೀಸ ಇರುತ್ತದೆ. ಮಕ್ಕಳ ಕೈಗೆ ಕೊಡಬೇಡಿ. ಅದರಲ್ಲಿ ಉಪ್ಪಿಟ್ಟು ತಿಂದು ಫೋಟೋ ತೆಗೆಸಿಕೊಳ್ಳುವ ಐಡಿಯಾ ಇದ್ದರೆ ಕೈಬಿಡಿ.

ನಿಜವಾಗಿ ಪ್ಯೂಟರೇನಾ?

ಹೊಲದಲ್ಲಿ ಸಿಗುವ ಬೂದು ಚಮಚಗಳೆಲ್ಲ ಪ್ಯೂಟರ್ ಅಲ್ಲ. ಕೈಗೆ ಹಗುರ ಅನ್ನಿಸಿದರೆ ಅಲ್ಯೂಮಿನಿಯಂ, ಅಂದರೆ ಹೆಚ್ಚುಕಡಿಮೆ 20ನೇ ಶತಮಾನ. ಹಸಿರು ಕಿಲುಬು ಕಂಡರೆ, ಗೀರಿದ ಕಡೆ ಹಳದಿ ಇಣುಕಿದರೆ, ಅದು ಲ್ಯಾಟನ್. ಹಿತ್ತಾಳೆಯ ಹಳೇ ಇಂಗ್ಲಿಷ್ ರೂಪ. ಅದರ ಮೇಲೆ ತವರ ಬಳಿದಿರುತ್ತಿದ್ದರು, ಅಂದರೆ ಕಲಾಯಿ! ನಮ್ಮ ಬೀದಿಯಲ್ಲಿ ತಿದಿ ಒತ್ತುತ್ತಾ ಕೂತು ಹಿತ್ತಾಳೆ ಪಾತ್ರೆಗೆ ಹಾಕಿಕೊಡುತ್ತಿದ್ದರಲ್ಲ, ಅದೇ ಕಲಾಯಿ. 17ನೇ ಶತಮಾನದ ಕೆಲವು ಲ್ಯಾಟನ್ ಚಮಚಗಳ ಮುದ್ರೆಯಲ್ಲಿ 'ಡಬಲ್ ವೈಟೆಡ್' ಅಂತಲೇ ಇರುತ್ತದೆ, ಎರಡು ಸಲ ಕಲಾಯಿ ಹಾಕಿದ್ದು ಅಂತ ಜಾಹೀರಾತು. ಲ್ಯಾಟನ್ ಬಂದರೆ ಬೇಜಾರಾಗಬೇಡಿ. ಕೆಳಗೆ ಹೇಳುವ ಆಕಾರದ ಲೆಕ್ಕ ಅದಕ್ಕೂ ಹೊಂದುತ್ತದೆ.

ಅಯಸ್ಕಾಂತ ಹಿಡಿದು ನೋಡಿ. ಹಿಡಿಗೆ ಅಂಟಿತಾ? ಹಾಗಾದರೆ ಒಳಗೆ ಕಬ್ಬಿಣದ ತಂತಿ ಇದೆ. 19ನೇ ಶತಮಾನದ ಅಗ್ಗದ ಚಮಚಗಳಿಗೆ ಬಲ ಬರಲಿ ಅಂತ ಹೀಗೆ ತಂತಿ ಇಟ್ಟು ಎರಕ ಹೊಯ್ಯುತ್ತಿದ್ದರು. ತುಕ್ಕು ಉಬ್ಬಿ ಹಿಡಿ ಉದ್ದಕ್ಕೆ ಸೀಳಿರುತ್ತದೆ, ನೋಡಿದ ತಕ್ಷಣ ಗೊತ್ತಾಗುತ್ತದೆ.

ಅನುಮಾನ ಇನ್ನೂ ಉಳಿದರೆ ಅಡುಗೆಮನೆ ತಕ್ಕಡಿ ತನ್ನಿ. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಡಿಜಿಟಲ್ ತಕ್ಕಡಿ ಆಗಬೇಕು. ಮೊದಲು ಒಣ ಚಮಚದ ತೂಕ ಬರೆದುಕೊಳ್ಳಿ. ಆಮೇಲೆ ಅಗಲ ಲೋಟದಲ್ಲಿ ನೀರು ತುಂಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಚಮಚವನ್ನು ತೆಳು ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, ತಳ ಬದಿ ತಾಗಬಾರದು, ದಾರ ನಿಮ್ಮ ಕೈಯಲ್ಲೇ ಇರಬೇಕು. ಈಗ ತಕ್ಕಡಿ ತೋರಿಸುವ ಗ್ರಾಂ ಏನಿದೆಯೋ ಅದೇ ಚಮಚದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ತೂಕವನ್ನು ಅದರಿಂದ ಭಾಗಿಸಿ. ನನ್ನ ಮೇಜಿನ ಮೇಲಿರುವ ತುಂಡು 31.2 ಗ್ರಾಂ, ನೀರಲ್ಲಿ ತೋರಿಸಿದ್ದು 4.1. ಭಾಗಿಸಿದರೆ 7.6.

ತವರದ ಸಾಂದ್ರತೆ 7.3, ಸೀಸದ್ದು 11.3. ಹಾಗಾಗಿ 7.3ರಿಂದ 7.5 ಬಂದರೆ ಒಳ್ಳೆ ಪ್ಯೂಟರ್, 8ರ ಹತ್ತಿರ ಹೋದಷ್ಟೂ ಸೀಸ ಬೆರೆಸಿದ್ದು ಜಾಸ್ತಿ. ಅಲ್ಯೂಮಿನಿಯಂ 2.7. ಹಿತ್ತಾಳೆ 8.5ರ ಆಸುಪಾಸು. ಸ್ಟರ್ಲಿಂಗ್ ಬೆಳ್ಳಿ 10 ದಾಟುತ್ತದೆ, ಆ ಸಂಖ್ಯೆ ಬಂದರೆ 14 ದಿನದ ಮಾತು ನೆನಪಿಟ್ಟುಕೊಳ್ಳಿ. ಮಣ್ಣು, ಕಿಲುಬು ಉಳಿದಿದ್ದರೆ ಲೆಕ್ಕ ಸ್ವಲ್ಪ ಕಡಿಮೆ ಬರುತ್ತದೆ.

ಹಳಬರು ಇನ್ನೊಂದು ಪರೀಕ್ಷೆ ಹೇಳುತ್ತಾರೆ, ಕಾಗದದ ಮೇಲೆ ಗೀಚಿದರೆ ಸೀಸ ಜಾಸ್ತಿ ಇರುವುದು ಪೆನ್ಸಿಲ್ ಥರ ಗೆರೆ ಬಿಡುತ್ತದೆ ಅಂತ. ನಿಜವೇ. ಆದರೆ ಮೂಲ ಚರ್ಮ ಕೆರೆದುಹೋಗುತ್ತದೆ, ನಾನು ಮಾಡುವುದಿಲ್ಲ. ಬಗ್ಗಿಸಿದರೆ ತವರ ಕಿರುಗುಟ್ಟುತ್ತದೆ ಅನ್ನುವ ಪರೀಕ್ಷೆಯೂ ಇದೆ. ನನ್ನ ಗೆಳೆಯನ ಎರಡು ತುಂಡಿನ ಕಥೆ ಈಗಾಗಲೇ ಹೇಳಿದ್ದೇನೆ.

ಹೊಟ್ಟೆ ಎಲ್ಲಿದೆ ನೋಡಿ

ಈಗ ಮುಖ್ಯ ವಿಷಯ. ಹೊಸಬರೆಲ್ಲ ಮೊದಲು ಮುದ್ರೆ ಹುಡುಕುತ್ತಾರೆ. ನಾನು ಹೇಳುವುದು, ಮುದ್ರೆ ಕೊನೆಗಿರಲಿ, ಮೊದಲು ಆಕಾರ. ಹೊಲದ ಚಮಚಗಳಲ್ಲಿ ಅರ್ಧಕ್ಕರ್ಧ ಮುರಿದಿರುತ್ತವೆ, ಮುದ್ರೆ ಅಳಿಸಿರುತ್ತದೆ. ಆಕಾರ ಮಾತ್ರ ತುಂಡಿನಲ್ಲೂ ಉಳಿದಿರುತ್ತದೆ.

ಚಮಚವನ್ನು ಹಿಡಿ ನಿಮ್ಮ ಕಡೆ ಬರುವ ಹಾಗೆ ಮೇಜಿನ ಮೇಲಿಡಿ. ಬಟ್ಟಲಿನ ಅತಿ ಅಗಲದ ಜಾಗದ ಮೇಲೆ ಬೆರಳಿಡಿ. ಅದಕ್ಕೆ ಹೊಟ್ಟೆ ಅನ್ನೋಣ. ಹೊಟ್ಟೆ ಆ ಕಡೆ ತುದಿಯ ಹತ್ತಿರ ಇದ್ದು, ನಿಮ್ಮ ಕಡೆಗೆ ಬರುತ್ತಾ ಕಿರಿದಾದರೆ, ಅಂದರೆ ತೊಟ್ಟಿನ ಸಮೇತ ಕಿತ್ತ ಅಂಜೂರದ ಹಾಗಿದ್ದರೆ, ಅದು ಸಾಮಾನ್ಯವಾಗಿ 1660ಕ್ಕಿಂತ ಹಿಂದಿನದು. ಹೊಟ್ಟೆ ಮಧ್ಯದಲ್ಲಿದ್ದು ಬಟ್ಟಲು ಅಂಡಾಕಾರವಾಗಿದ್ದರೆ 17ನೇ ಶತಮಾನದ ಕೊನೆಯ ಭಾಗ ಅಥವಾ 18ನೆಯದರ ಮೊದಲ ಭಾಗ. ಹೊಟ್ಟೆ ಹಿಡಿಯ ಹತ್ತಿರಕ್ಕೆ ಬಂದು, ಮುಂದಿನ ತುದಿ ಮೊಟ್ಟೆಯ ಚೂಪು ಕಡೆಯ ಹಾಗಿದ್ದರೆ 18ನೇ ಶತಮಾನದ ಉತ್ತರಾರ್ಧ ಮತ್ತು ಆಮೇಲಿನದು. ಮುನ್ನೂರು ವರ್ಷದಲ್ಲಿ ಚಮಚದ ಹೊಟ್ಟೆ ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ಸರಿದುಬಂದಿದೆ, ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಒಂದು ಮೋಸ ಇದೆ. ಬಲಗೈಯಲ್ಲಿ ದಿನಾ ಪಾತ್ರೆ ಕೆರೆದು ಕೆರೆದು ಬಟ್ಟಲಿನ ಮುಂದಿನ ಎಡ ಅಂಚು ಸವೆದಿರುತ್ತದೆ. ಸವೆದ ಆಕಾರವನ್ನೇ ಮೂಲ ಅಂದುಕೊಂಡರೆ ನೂರು ವರ್ಷ ತಪ್ಪುತ್ತೀರಿ. ಬಲ ಅಂಚನ್ನು ನೋಡಿ, ಅದೇ ಗೆರೆ ಎಡಗಡೆಯೂ ಇತ್ತು ಅಂತ ಪೇಪರಿನ ಮೇಲೆ ಬರೆದುಕೊಳ್ಳಿ.

ಈಗ ಚಮಚ ಮಗುಚಿ. ಬಟ್ಟಲಿನ ಬೆನ್ನಿನಲ್ಲಿ ಹಿಡಿಯಿಂದ ಶುರುವಾಗಿ ಚೂಪಾಗುತ್ತಾ ಹೋಗುವ ಒಂದು ಏಣು ಇದೆಯಾ? ಅದನ್ನು ಇಲಿಬಾಲ ಅನ್ನುತ್ತಾರೆ, ನೋಡಿದರೆ ಹಾಗೇ ಇರುತ್ತದೆ. 1660ರ ನಂತರ ಬಂದದ್ದು, 1730ರ ಹೊತ್ತಿಗೆ ಕಡಿಮೆಯಾಯಿತು. ಬಾಲದ ಬದಲು ಗಿಡ್ಡ ನಾಲಿಗೆಯಂಥ ದುಂಡು ಗುರುತಿದ್ದರೆ ಆಮೇಲಿನದು. ಬೆನ್ನು ಪೂರ್ತಿ ನುಣುಪಾಗಿದ್ದು ಬಟ್ಟಲು ಅಂಜೂರದ ಥರ ಇದ್ದರೆ ಇಲಿಬಾಲಕ್ಕಿಂತ ಹಳೆಯದು. ಮುರಿದ ಚಮಚಗಳಲ್ಲಿ ಈ ಕುತ್ತಿಗೆ ಭಾಗವೇ ಸಾಮಾನ್ಯವಾಗಿ ಉಳಿಯುವುದು, ದಪ್ಪ ಇರುವುದರಿಂದ. ಹಾಗಾಗಿ ಬರೀ ಕುತ್ತಿಗೆ ಸಿಕ್ಕಿದರೂ ಎಸೆಯಬೇಡಿ.

ಬಟ್ಟಲು ಪೂರ್ತಿ ದುಂಡಗಿದ್ದು ಹಿಡಿ ಸೂಜಿಯಂತೆ ತೆಳ್ಳಗಿದ್ದರೆ ಅದು ರೋಮನ್ನರದ್ದೂ ಇರಬಹುದು, ಅಂಥದ್ದನ್ನು ಮನೆಯಲ್ಲಿ ತೀರ್ಮಾನಿಸಬೇಡಿ, ನೇರ ತಿಳಿದವರಿಗೆ ತೋರಿಸಿ.

ಹಿಡಿ ಮತ್ತು ತುದಿ

ಹಿಡಿಯನ್ನು ಎರಡು ಬೆರಳ ನಡುವೆ ಉರುಳಿಸಿ. ಆರು ಮೂಲೆ ಅಥವಾ ವಜ್ರದ ಥರ ನಾಲ್ಕು ಮೂಲೆ ಸಿಕ್ಕಿದರೆ ಹಳೆಯದು, ಹೆಚ್ಚುಕಡಿಮೆ 1660ಕ್ಕಿಂತ ಹಿಂದಿನದು. ಚಪ್ಪಟೆ ಪಟ್ಟಿ ಆಗಿದ್ದರೆ ಆಮೇಲಿನದು. ಇಷ್ಟು ಸರಳ.

ಮೂಲೆಯ ಹಿಡಿಗಳ ತುದಿಯಲ್ಲಿ ಒಂದು ಅಲಂಕಾರ ಇರುತ್ತಿತ್ತು. ಇಂಗ್ಲಿಷರು ಅದಕ್ಕೆ ನಾಪ್ ಅನ್ನುತ್ತಾರೆ. ಓಕ್ ಮರದ ಕಾಯಿಯ ಆಕಾರ ಅಥವಾ ಚೂಪು ವಜ್ರ ಇದ್ದರೆ 14, 15ನೇ ಶತಮಾನಕ್ಕೆ ಹೋಗುತ್ತದೆ. ಕೊಂಬಿನಂಥ ಎತ್ತರದ ತಲೆಯುಡುಗೆ ತೊಟ್ಟ ಹೆಂಗಸಿನ ತಲೆ ಬಂದರೆ 15ನೇ ಶತಮಾನ, ಅದೇ ಆ ಕಾಲದ ಫ್ಯಾಷನ್. ಕೂತ ಸಿಂಹ, ಏಸುವಿನ ಶಿಷ್ಯರ ಪುಟ್ಟ ಗೊಂಬೆಗಳು, ಇವೆಲ್ಲ 15ರಿಂದ 17ನೇ ಶತಮಾನದವರೆಗೆ ಉದ್ದಕ್ಕೂ ಬರುತ್ತವೆ, ಹಾಗಾಗಿ ವಯಸ್ಸು ಹೇಳಲು ಅಷ್ಟು ಉಪಯೋಗವಿಲ್ಲ, ನೋಡಲು ಚಂದ ಅಷ್ಟೇ. ಸೀಲ್ ಟಾಪ್ ಅನ್ನುವುದು ಮುದ್ರೆ ಒತ್ತುವ ಅಚ್ಚಿನ ಹಾಗೆ ತಲೆ ಚಪ್ಪಟೆ ಇರುವಂಥದ್ದು, 16ನೇ ಶತಮಾನದ ನಡುವಿನಿಂದ ಸುಮಾರು 1670ರವರೆಗೆ ಬಹಳ ನಡೆಯಿತು. ಹೊಲದಲ್ಲಿ ಸಿಗುವವುಗಳಲ್ಲಿ ನನಗೆ ಇಷ್ಟವಾದದ್ದು ಸ್ಲಿಪ್ ಟಾಪ್. ಅಲಂಕಾರವೇ ಇಲ್ಲ, ಹಿಡಿಯ ತುದಿಯನ್ನು ಕರಿಬೇವಿನ ಕಡ್ಡಿ ಕತ್ತರಿಸಿದ ಹಾಗೆ ಓರೆಯಾಗಿ ಕತ್ತರಿಸಿಬಿಟ್ಟಿದ್ದಾರೆ. ಹೊಸಬರು ಮುರಿದಿದೆ ಅಂತ ಎಸೆಯುವುದು ಇದನ್ನೇ! ಮುರಿದ ತುದಿ ಒರಟಾಗಿ ಕಾಳುಕಾಳಾಗಿ ಇರುತ್ತದೆ, ಕತ್ತರಿಸಿದ್ದು ನುಣುಪಾಗಿ ಸಮತಟ್ಟಾಗಿರುತ್ತದೆ. ಲೆನ್ಸ್ ಹಿಡಿದು ನೋಡಿ.

1650, 60ರ ದಶಕದಲ್ಲಿ ಚಪ್ಪಟೆ ಹಿಡಿ, ಬೋಳು ತುದಿಯ ಚಮಚ ಬಂತು. ಹೆಸರೂ ಪ್ಯೂರಿಟನ್ ಅಂತಲೇ, ಆಡಂಬರ ಒಲ್ಲದ ಆ ಕಾಲದ ಕ್ರೈಸ್ತ ಪಂಗಡದ ಹೆಸರು. ಅದರ ಹಿಂದೆಯೇ ಟ್ರೈಫಿಡ್. ಅಗಲ ತುದಿಗೆ ಎರಡು ಕಡೆ ಸೀಳು ಕೊಟ್ಟು ಮೂರು ಎಸಳು ಮಾಡಿದ್ದು, ಜಿಂಕೆಯ ಗೊರಸಿನಂತೆ ಕಾಣುತ್ತದೆ. 1660ರಿಂದ 1700ರ ಸುಮಾರು, ಪ್ಯೂಟರಿನಲ್ಲಿ ಇನ್ನೂ ಸ್ವಲ್ಪ ಈಚೆಗೂ. ಕೆಲವು ಟ್ರೈಫಿಡ್‌ಗಳ ತುದಿಯಲ್ಲಿ ರಾಜ ರಾಣಿಯರ ಮುಖ ಉಬ್ಬಿ ನಿಂತಿರುತ್ತದೆ. ವಿಲಿಯಂ ಮತ್ತು ಮೇರಿ ಇಬ್ಬರೂ ಇದ್ದರೆ 1689ರಿಂದ 1694ರ ಆಳ್ವಿಕೆ, ರಾಣಿ ಆ್ಯನ್ ಆದರೆ 1702ರಿಂದ 1714. ಅಂಥದ್ದು ಸಿಕ್ಕಿದ ದಿನ ನನಗೂ ಒಂದು ಫೋಟೋ ಕಳಿಸಿ.

ಟ್ರೈಫಿಡ್ ಆದ ಮೇಲೆ ಸೀಳು ಮಾಯವಾಗಿ ಅಲೆಯಂಥ ಅಂಚು ಉಳಿಯಿತು. ಅದಕ್ಕೆ ಡಾಗ್ ನೋಸ್, ನಾಯಿಮೂಗು ಅನ್ನುತ್ತಾರೆ. 1715ರ ಹೊತ್ತಿಗೆ ಅದೂ ಮುಗಿಯಿತು. ಆಮೇಲೆ ಹ್ಯಾನೋವೇರಿಯನ್. ತುದಿ ದುಂಡು, ಮೇಲ್ಮುಖವಾಗಿ ಬಾಗಿದ್ದು, ಮುಂಭಾಗದಲ್ಲಿ ನಡುಗೆರೆಯಂತೆ ಏಣು. ಸುಮಾರು 1760ರಿಂದ ಓಲ್ಡ್ ಇಂಗ್ಲಿಷ್, ಅದರ ತುದಿ ಕೆಳಮುಖ. ಮೇಲೆ ಬಾಗಿದ್ದು ಕೆಳಗೆ ಯಾಕೆ ಬಾಗಿತು ಗೊತ್ತಾ? ಮುಂಚೆ ಮೇಜಿನ ಮೇಲೆ ಚಮಚವನ್ನು ಬೋರಲಾಗಿ ಇಡುತ್ತಿದ್ದರು, ಮನೆಯವರ ಹೆಸರಿನ ಅಕ್ಷರ ಬೆನ್ನಿನ ಕಡೆ ಕೆತ್ತಿಸುತ್ತಿದ್ದರು. ಆಮೇಲೆ ಅಂಗಾತ ಇಡುವ ರೂಢಿ ಬಂತು, ಅಕ್ಷರವೂ ಮುಂದೆ ಬಂತು, ಬಾಗು ತಿರುಗಿತು. ಹಾಗಾಗಿ ಅಕ್ಷರ ಯಾವ ಕಡೆ ಇದೆ ಅನ್ನುವುದೂ ಒಂದು ಸುಳಿವು. 19ನೇ ಶತಮಾನಕ್ಕೆ ಬಂದರೆ ಪಿಟೀಲಿನ ಆಕಾರದ ಫಿಡಲ್ ತುದಿ, ಭುಜಗಳು ಎದ್ದು ಕಾಣುತ್ತವೆ.

ಈ ವರ್ಷಗಳೆಲ್ಲ ಬೆಳ್ಳಿ ಚಮಚದ ಫ್ಯಾಷನ್ನಿನ ಲೆಕ್ಕ. ಪ್ಯೂಟರ್ ಅದರ ಹಿಂದೆ ಹಿಂದೆ ಬರುತ್ತಿತ್ತು. ಕಂಚಿನ ಅಚ್ಚು ಒಂದು ಸಲ ಮಾಡಿಸಿದರೆ ತಲೆಮಾರುಗಟ್ಟಲೆ ಬಾಳುತ್ತದೆ, ಮತ್ತು ಊರೂರು ತಿರುಗುವ ಕಸುಬಿನವರು ಹಳೇ ಚಮಚ ಕರಗಿಸಿ ಹಳೇ ಅಚ್ಚಿನಲ್ಲೇ ಹೊಸದು ಹೊಯ್ದುಕೊಡುತ್ತಿದ್ದರು. ಹಾಗಾಗಿ ನಾನು ಪ್ಯೂಟರ್‌ಗೆ ಯಾವಾಗಲೂ ಮುಂದಕ್ಕೆ ಹತ್ತಿಪ್ಪತ್ತು ವರ್ಷ ಸಡಿಲ ಬಿಡುತ್ತೇನೆ. '1683ರ ಚಮಚ' ಅಂತ ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ.

ಕೊನೆಗೆ ಮುದ್ರೆ

ಹಳೆಯ ಚಮಚಗಳಲ್ಲಿ ಮುದ್ರೆ ಬಟ್ಟಲಿನ ಒಳಗೆ, ಹಿಡಿ ಸೇರುವ ಜಾಗದಲ್ಲಿ. ಟ್ರೈಫಿಡ್ ಕಾಲದಿಂದ ಹಿಡಿಯ ಬೆನ್ನಿಗೆ ಹೋಯಿತು. ನೇರ ಬೆಳಕಲ್ಲಿ ಏನೂ ಕಾಣುವುದಿಲ್ಲ. ಕೋಣೆ ಕತ್ತಲು ಮಾಡಿ ಫೋನಿನ ಟಾರ್ಚನ್ನು ಪಕ್ಕದಿಂದ, ಮೇಜಿಗೆ ತಾಗುವಷ್ಟು ಕೆಳಗೆ ಹಿಡಿದು ಸುತ್ತ ತಿರುಗಿಸಿ. ಒಂದು ಕೋನದಲ್ಲಿ ಅಕ್ಷರ ಪಟ್ಟನೆ ಎದ್ದು ಬರುತ್ತದೆ.

ಹೆಸರು ಸಿಕ್ಕೇ ಸಿಗುತ್ತದೆ ಅನ್ನುವ ಆಸೆ ಬೇಡ. ಲಂಡನ್ನಿನ ಪ್ಯೂಟರ್ ಕಸುಬಿನವರ ಸಂಘದ ನಿಯಮಗಳು 1348ರಷ್ಟು ಹಳೆಯವು. ಕಸುಬಿನವರು ತಮ್ಮ ಮುದ್ರೆಯನ್ನು ಒತ್ತಿಟ್ಟ ಫಲಕಗಳೂ ಆ ಸಂಘದಲ್ಲಿದ್ದವು, ಆದರೆ 1666ರ ಮಹಾ ಬೆಂಕಿಗೆ ಹಿಂದಿನವೆಲ್ಲ ಹೋದವು. ಈಗಿರುವುದು ಅದರ ನಂತರದ್ದು. ಕಿರೀಟ ಹೊತ್ತ ಗುಲಾಬಿ, ಎಕ್ಸ್ ಅಕ್ಷರ, ಇವು ಗುಣಮಟ್ಟದ ಗುರುತು, ಯಾರದ್ದೂ ಹೆಸರಲ್ಲ. ಮುದ್ರೆಯೊಳಗೇ ವರ್ಷ ಇದ್ದರೂ ಸಾಮಾನ್ಯವಾಗಿ ಅದು ಚಮಚ ಮಾಡಿದ ವರ್ಷವಲ್ಲ, ಆ ಮುದ್ರೆ ಹುಟ್ಟಿದ ವರ್ಷ. ಚಮಚ ಅದಕ್ಕಿಂತ ಹಳೆಯದಲ್ಲ ಅನ್ನುವಷ್ಟೇ ಅದರಿಂದ ತಿಳಿಯುತ್ತದೆ.

ಕಿರೀಟದ ಜೊತೆ ವಿ.ಆರ್. ಅಂತಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, 1837ರಿಂದ 1901. ಇಂಥವು ಸಾಮಾನ್ಯವಾಗಿ ಬ್ರಿಟಾನಿಯಾ ಮೆಟಲ್, ತವರಕ್ಕೆ ಸೀಸದ ಬದಲು ಆ್ಯಂಟಿಮನಿ ಸೇರಿಸಿದ್ದು, ಶೆಫೀಲ್ಡ್‌ನಲ್ಲಿ 1770ರ ಸುಮಾರಿಗೆ ಶುರುವಾದದ್ದು. ಇ.ಪಿ.ಎನ್.ಎಸ್. ಅಂತಿದ್ದರೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ್ದು, 1840ರ ಈಚಿನದು, ಪ್ಯೂಟರ್ ಅಲ್ಲವೇ ಅಲ್ಲ. ಸಫಕ್, ನಾರ್ಫಕ್ ಕಡೆ ಎರಡನೇ ಮಹಾಯುದ್ಧದ ವಿಮಾನ ನೆಲೆಗಳು ತುಂಬ ಇದ್ದವು, ಆ ಸುತ್ತ ಹುಡುಕುವಾಗ ಸೈನಿಕರ ಕ್ಯಾಂಟೀನಿನ ಚಮಚ ಸಿಗುತ್ತದೆ, ಎನ್.ಎ.ಎ.ಎಫ್.ಐ. ಅಂತ ಹೊಡೆದದ್ದು. ಆ ಸಂಸ್ಥೆ ಹುಟ್ಟಿದ್ದೇ 1920ರ ದಶಕದ ಶುರುವಿಗೆ. ಬಿಸ್ಕತ್ತು ಡಬ್ಬಿಯೊಂದರಲ್ಲಿ ನನ್ನ ಹತ್ತಿರ ನಾಲ್ಕು ಇವೆ.

ಬರೆದಿಡುವುದು

ಮುಂದೆ, ಹಿಂದೆ, ಪಕ್ಕದಿಂದ, ಮೂರು ಫೋಟೋ, ಜೊತೆಗೆ ಮಿಲಿಮೀಟರ್ ಸ್ಕೇಲ್. ತೂಕ, ಉದ್ದ, ಬಟ್ಟಲಿನ ಅಗಲ. ಸಿಕ್ಕ ಜಾಗದ ನಕ್ಷೆಯ ಗ್ರಿಡ್ ಸಂಖ್ಯೆಯನ್ನು ಅಲ್ಲೇ, ಗುಂಡಿ ಮುಚ್ಚುವ ಮೊದಲೇ ಫೋನಿನಲ್ಲಿ ಬರೆದುಕೊಳ್ಳಿ. ಮನೆಗೆ ಹೋಗಿ ನೆನಪಿನಿಂದ ಬರೆದದ್ದು ಪಕ್ಕದ ಹೊಲಕ್ಕೆ ಹೋಗಿಬಿಡುತ್ತದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಅಂತ ಇದೆ, ಜನರಿಗೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಯೋಜನೆ, 1997ರಿಂದ ನಡೆಯುತ್ತಿದೆ. ಆಯಾ ಜಿಲ್ಲೆಗೆ ಒಬ್ಬ ಫೈಂಡ್ಸ್ ಲಿಯೇಸನ್ ಆಫೀಸರ್ ಇರುತ್ತಾರೆ. ಅವರಿಗೆ ತೋರಿಸಿ. ನಿಮ್ಮ ಅಂದಾಜು ತಪ್ಪಿದ್ದರೆ ಬೇಜಾರಿಲ್ಲದೆ ತಿದ್ದುತ್ತಾರೆ. ಆ ಯೋಜನೆಯ ಡೇಟಾಬೇಸ್ ಯಾರು ಬೇಕಾದರೂ ನೋಡಬಹುದು, ನೂರಾರು ಚಮಚಗಳ ಚಿತ್ರ ಅಲ್ಲಿವೆ. ಕಣ್ಣು ಪಳಗಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ.

ಇಡುವಾಗ ಓಕ್ ಮರದ ಡ್ರಾಯರ್ ಬೇಡ. ಆ ಮರದಿಂದ ಹೊರಡುವ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ. ಪ್ಲಾಸ್ಟಿಕ್ ಡಬ್ಬಿ, ಸ್ವಲ್ಪ ಸಿಲಿಕಾ ಜೆಲ್, ಸಾಕು.

ಮೇಲೆ ತೂಕ ಹೇಳಿದೆನಲ್ಲ, ಆ 31.2 ಗ್ರಾಮಿನ ತುಂಡು, ಅದನ್ನು ಈಗಷ್ಟೇ ಮುಗಿಸಿದೆ. ಹಿಡಿ ಅರ್ಧಕ್ಕೆ ಮುರಿದಿದೆ, ತುದಿ ಇಲ್ಲ. ಹೊಟ್ಟೆ ನಡುವೆ ಇದೆ. ಬೆನ್ನಿಗೆ ಉದ್ದನೆಯ ಇಲಿಬಾಲ. ಉಳಿದ ಹಿಡಿ ಚಪ್ಪಟೆ, ಮುಂದೆ ಏಣಿಲ್ಲ. ಹಿಡಿಯ ಬೆನ್ನಿಗೆ ಏನೋ ಮುದ್ರೆ ಇತ್ತು, ಈಗ ಬರೀ ಗುಳಿ. ಏಣು ಇಲ್ಲದ್ದರಿಂದ ಹ್ಯಾನೋವೇರಿಯನ್ ಅಲ್ಲ, ಇಲಿಬಾಲ ಇರುವುದರಿಂದ 1660ಕ್ಕೆ ಹಿಂದಿನದಲ್ಲ. ಟ್ರೈಫಿಡ್ಡೋ ನಾಯಿಮೂಗೋ ಅಂತ ತುದಿ ಇದ್ದಿದ್ದರೆ ಹೇಳಬಹುದಿತ್ತು. ಚೀಟಿಯಲ್ಲಿ ಹೀಗೆ ಬರೆದೆ: ಪ್ಯೂಟರ್, ಟ್ರೈಫಿಡ್ ಅಥವಾ ಡಾಗ್ ನೋಸ್, 1660ರಿಂದ 1730. ತೊಳೆದದ್ದು ಮಳೆನೀರಲ್ಲಿ.